ಮರಡಿಹಳ್ಳಿಯ ದಿಂಬುಕಲ್ಲು: ಯಾವುದು ಮೇಲೆ, ಯಾವುದು ಕೆಳಗೆ?

ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು. ಭೂಮಿಯ ಚರಿತ್ರೆ ಓದೋಕೆ ಮೊದಲು ಕಲಿಯುವ ನಿಯಮ ಇದು. 1669ರಲ್ಲೇ ಡೆನ್ಮಾರ್ಕಿನ ವಿಜ್ಞಾನಿ ನಿಕೋಲಸ್ ಸ್ಟೆನೋ ಬರೆದಿಟ್ಟಿದ್ದಾನೆ. ಆದರೆ ಚಿತ್ರದುರ್ಗದ ಸುತ್ತ ಇದನ್ನು ಸುಮ್ನೆ ಹಾಗೇ ಹಚ್ಚಿದರೆ ಲೆಕ್ಕ ತಪ್ಪುತ್ತದೆ. ಇಲ್ಲಿನ ಪದರಗಳು ಒತ್ತಡಕ್ಕೆ ಸಿಕ್ಕಿ ಮಡಚಿಕೊಂಡಿವೆ. ಎಷ್ಟೋ ಕಡೆ ಗೋಡೆ ಹಾಗೆ ನೆಟ್ಟಗೆ ನಿಂತಿವೆ. ಆಗ ಮೇಲೆ ಯಾವುದು, ಕೆಳಗೆ ಯಾವುದು?

ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯ ಬಂಡೆಗಳಲ್ಲಿ ಇದಕ್ಕೆ ಉತ್ತರ ಇದೆ. ಅವು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಒಂದರ ಮೇಲೊಂದು ಒಟ್ಟಿದ ಉಬ್ಬುಬ್ಬಿದ ಉಂಡೆಗಳು. ಇವೇ ದಿಂಬುಕಲ್ಲು, ಅಂದರೆ ಪಿಲ್ಲೋ ಲಾವಾ.

ನೀರಿನಡಿ ಲಾವಾ ಉಕ್ಕಿದರೆ ಹೊರಮೈ ತಕ್ಷಣ ತಣ್ಣಗಾಗಿ ಗಾಜಿನಂಥ ಸಿಪ್ಪೆ ಕಟ್ಟುತ್ತದೆ. ಒಳಗೆ ಇನ್ನೂ ಬಿಸಿ, ಇನ್ನೂ ಹರಿಯುವ ಲಾವಾ. ಅದು ಸಿಪ್ಪೆ ಬಿರಿದು ಹೊರಬಂದು ಇನ್ನೊಂದು ಉಂಡೆಯಾಗುತ್ತದೆ. ಹೊಸ ಉಂಡೆ ಇನ್ನೂ ಮೆತ್ತಗಿರುತ್ತಲ್ವಾ? ಹಾಗಾಗಿ ಕೆಳಗಿನ ಎರಡು ಉಂಡೆಗಳ ಸಂದಿಗೆ ಇಳಿದು ಕೂರುತ್ತದೆ. ಮೇಲ್ಭಾಗ ಉಬ್ಬು, ಕೆಳಭಾಗದಲ್ಲಿ ಚೂಪಾದ ಬಾಲ. ಮುಂದೆ ಇಡೀ ಬಂಡೆ ಅಡ್ಡ ಬಿದ್ದರೂ, ತಲೆಕೆಳಗಾದರೂ ಬಾಲ ಇರುವ ಕಡೆಯೇ ಅಂದಿನ ತಳ.

ಅಂಚನ್ನು ಹತ್ತಿರದಿಂದ ನೋಡಿ. ಬೇಗ ತಣಿದ ಅಂಚಿನಲ್ಲಿ ಹರಳು ಬಹಳ ಸಣ್ಣ, ಉಂಡೆಯ ನಡುವೆ ಸ್ವಲ್ಪ ದೊಡ್ಡದು. ಅಂದಿನ ಗಾಜು ಈಗ ಗಾಜಾಗಿ ಉಳಿದಿಲ್ಲ, ಬಿಸಿ ಮತ್ತು ಒತ್ತಡಕ್ಕೆ ಹಸಿರು ಛಾಯೆಯ ಖನಿಜಗಳಾಗಿದೆ. ನನಗೆ ಇಲ್ಲಿ ಜಾಸ್ತಿ ಇಷ್ಟವಾಗುವ ವಿಷಯ ಇದು: ಮಳೆಗಾಗಿ ಕಾಯುವ ಈ ಬಯಲುಸೀಮೆಯಲ್ಲಿ ಒಂದು ಕಾಲಕ್ಕೆ ಲಾವಾ ನೀರಿನಡಿ ಹರಿದಿತ್ತು.

ಆಕಾರದಿಂದ ವಯಸ್ಸು ಗೊತ್ತಾಗುವುದಿಲ್ಲ. ಅದಕ್ಕೆ ಜಿರ್ಕಾನ್ ಎಂಬ ಖನಿಜದ ಹರಳು ಬೇಕು. ಅದು ಹುಟ್ಟುವಾಗ ಯುರೇನಿಯಂ ಸೇರಿಸಿಕೊಳ್ಳುತ್ತದೆ, ಸೀಸವನ್ನು ಹೆಚ್ಚುಕಡಿಮೆ ದೂರ ಇಡುತ್ತದೆ. ಯುರೇನಿಯಂ ನಿಧಾನವಾಗಿ ಸೀಸವಾಗುತ್ತಾ ಹೋಗುತ್ತದೆ; ಯುರೇನಿಯಂ-238 ಅರ್ಧಕ್ಕಿಳಿಯಲು ಸುಮಾರು 447 ಕೋಟಿ ವರ್ಷ ಬೇಕು. ಒಳಗೆ ಕೂಡಿದ ಸೀಸ ಅಳೆದರೆ ವಯಸ್ಸು ಸಿಗುತ್ತದೆ. ಇಂಥ ಲಾವಾದಲ್ಲಿ ಜಿರ್ಕಾನ್ ಅಪರೂಪ. ಅದಕ್ಕೇ ಅದನ್ನು ಸೀಳಿ ನುಗ್ಗಿದ ಗ್ರಾನೈಟ್ ಇದ್ದರೆ ಅದರ ವಯಸ್ಸು ನೋಡುತ್ತಾರೆ. ನುಗ್ಗಿದ್ದು ಯಾವಾಗಲೂ ಕಿರಿಯದು. ಮರಡಿಹಳ್ಳಿಯ ಲಾವಾ ಸುಮಾರು 250 ಕೋಟಿ ವರ್ಷ ಅಥವಾ ಅದಕ್ಕೂ ಹಳೆಯದು.

ನೋಡಲು ಹೋದರೆ ಸುತ್ತಿಗೆ ಬೇಡ, ಫೋಟೋ ಸಾಕು. ಒಂದೇ ಉಂಡೆ ನೋಡಿ ದಿಕ್ಕು ಬರೆದುಕೊಳ್ಳಬೇಡಿ. ಕೆಲವು ಜಜ್ಜಿಹೋಗಿರುತ್ತವೆ. ಹತ್ತಾರು ನೋಡಿ, ಹೆಚ್ಚಿನವುಗಳ ಬಾಲ ಎತ್ತ ಇದೆಯೋ ಅದನ್ನೇ ತಳ ಅಂತ ಗುರುತು ಹಾಕಿಕೊಳ್ಳಿ.