ಪ್ರೇತಕ್ಕೂ ಒಂದು ಕಟ್ಟಳೆ ಬೇಕು

ಹದಿಹರೆಯದ ಓದುಗರಿಗಾಗಿ ಅಲೌಕಿಕ ಪ್ರೇಮಕಾದಂಬರಿ ಬರೆದು ನನ್ನ ಬಳಿ ತರುವವರ ಹಸ್ತಪ್ರತಿಗಳಲ್ಲಿ ಪ್ರೇತವು ಸಾಮಾನ್ಯವಾಗಿ ಮೊದಲ ಅಧ್ಯಾಯದಲ್ಲೇ ಕಾಣಿಸಿಕೊಳ್ಳುತ್ತದೆ. ಆದರೆ ಅದು ಏನನ್ನು ಮಾಡಲಾರದು ಎಂಬುದು ಕೊನೆಯ ಪುಟ ಮುಗಿದರೂ ಗೊತ್ತಾಗುವುದಿಲ್ಲ. ಗೋಡೆಯನ್ನು ತೂರಿಕೊಂಡು ಬರುವ ಅದೇ ಪ್ರೇತ ಕಾಲೇಜಿನ ಬೆಂಚಿನ ಮೇಲೆ ನಿರಾಯಾಸವಾಗಿ ಕುಳಿತಿರುತ್ತದೆ; ನಾಯಕಿಯ ಮನಸ್ಸಿನಲ್ಲಿರುವುದನ್ನೆಲ್ಲ ಓದಬಲ್ಲ ಅದಕ್ಕೆ, ಕಥೆಯಲ್ಲಿ ಜಗಳ ಹುಟ್ಟಬೇಕಾದ ಕ್ಷಣದಲ್ಲಿ ಮಾತ್ರ ಏನೂ ತಿಳಿಯುವುದಿಲ್ಲ. ಹದಿನಾರು ಹದಿನೇಳರ ಓದುಗರು ಇದನ್ನು ದೊಡ್ಡವರಿಗಿಂತ ಬೇಗ ಪತ್ತೆಹಚ್ಚುತ್ತಾರೆ. ಮೊಬೈಲ್ ಆಟಗಳನ್ನು ಆಡಿಕೊಂಡು ಬೆಳೆದ ಅವರಿಗೆ, ಯಾವ ಶಕ್ತಿ ಎಷ್ಟು ಹೊತ್ತು ಕೆಲಸ ಮಾಡುತ್ತದೆ, ಅದಕ್ಕೆ ಏನನ್ನು ತೆರಬೇಕು ಎಂದು ಕೇಳುವುದು ಅಭ್ಯಾಸವಾಗಿಬಿಟ್ಟಿದೆ. ಚಿತ್ರದುರ್ಗದಲ್ಲಿ ಕುಳಿತು ಕಾದಂಬರಿ ಬರೆಯುವ, ಬೇರೆಯವರದನ್ನು ತಿದ್ದುವ ನಾನು ಹೊಸಬರಿಗೆ ಮೊದಲು ಹೇಳುವುದೂ ಅದನ್ನೇ: ನಿಮ್ಮ ಪ್ರೇತದ ರೂಪವನ್ನು ವರ್ಣಿಸುವ ಮೊದಲು ಅದರ ಕಟ್ಟಳೆಯನ್ನು ಬರೆದಿಟ್ಟುಕೊಳ್ಳಿ.

ಪ್ಯಾರಾನಾರ್ಮಲ್ ರೊಮಾನ್ಸ್ ಎಂಬ ಹೆಸರು ಹೊರಗಿನಿಂದ ಬಂದದ್ದಾದರೂ ಅದರ ಹೂರಣ ನಮಗೆ ಹೊಸದಲ್ಲ. ಋಗ್ವೇದದ ಹತ್ತನೆಯ ಮಂಡಲದ 95ನೇ ಸೂಕ್ತವು ಪುರೂರವನೆಂಬ ಮನುಷ್ಯನಿಗೂ ಊರ್ವಶಿಯೆಂಬ ಅಪ್ಸರೆಗೂ ನಡೆಯುವ ಸಂಭಾಷಣೆ. ಅದರ ಹಿಂದಿನ ಕಥೆಯನ್ನು ಶತಪಥ ಬ್ರಾಹ್ಮಣ ಬಿಡಿಸಿ ಹೇಳುತ್ತದೆ: ತಾನು ಅವನನ್ನು ಬೆತ್ತಲೆಯಾಗಿ ಕಾಣಬಾರದು ಎಂಬ ಷರತ್ತಿನ ಮೇಲೆ ಊರ್ವಶಿ ಅವನೊಡನೆ ಇರುತ್ತಾಳೆ, ಅವಳನ್ನು ಮರಳಿ ಪಡೆಯಬೇಕೆಂದಿದ್ದ ಗಂಧರ್ವರು ಅವಳ ಮಂಚಕ್ಕೆ ಕಟ್ಟಿದ್ದ ಕುರಿಮರಿಗಳನ್ನು ರಾತ್ರಿ ಕದಿಯುತ್ತಾರೆ, ಅವನು ಗಾಬರಿಯಿಂದ ಹಾಗೆಯೇ ಎದ್ದು ಓಡಿದಾಗ ಅವರು ಮಿಂಚನ್ನು ಹುಟ್ಟಿಸುತ್ತಾರೆ, ಆ ಬೆಳಕಿನಲ್ಲಿ ಅವಳು ಅವನನ್ನು ಕಂಡು ಮಾಯವಾಗುತ್ತಾಳೆ. ಕಥೆಯ ಕಟ್ಟಡವನ್ನು ಗಮನಿಸಿ. ಷರತ್ತು ಮೊದಲೇ ಬಂದಿದೆ, ಓದುಗನಿಗೆ ಗೊತ್ತಿದೆ. ಅದು ಮುರಿಯುವುದು ಪ್ರೇಮಿಯ ಕೆಟ್ಟತನದಿಂದಲ್ಲ, ಅವಳಿಗೆ ಪ್ರಿಯವಾದದ್ದನ್ನು ಉಳಿಸಲು ಹೋದ ಅವನ ಒಳ್ಳೆಯತನದಿಂದ. ಇಷ್ಟು ಬಿಗಿಯಾದ ಕಥಾತಂತ್ರವನ್ನು ಕೈಯಲ್ಲಿಟ್ಟುಕೊಂಡ ನಾವು, ಮಂಜು ಮುಸುಕಿದ ಊರುಗಳ ರಕ್ತಪಿಶಾಚಿಗಳನ್ನು ಬಯಲುಸೀಮೆಯ ಬಿಸಿಲಿಗೆ ತಂದು ಬಾಡಿಸುವುದೇಕೆ ಎಂಬುದು ನನಗೆ ಇನ್ನೂ ಬಗೆಹರಿದಿಲ್ಲ.

ನಮ್ಮ ಊರಿಗಂತೂ ತನ್ನದೇ ಆದ ಒಂದು ಅಲೌಕಿಕ ಪ್ರೇಮಕಥೆಯ ನೆನಪಿದೆ. ಕೋಟೆಯ ಮೇಲಿನ ಹಿಡಿಂಬೇಶ್ವರ ದೇವಾಲಯದಲ್ಲಿ ಹಿಡಿಂಬಾಸುರನದೆಂದು ಜನ ನಂಬುವ ಹಲ್ಲನ್ನು ತೋರಿಸುವ ವಾಡಿಕೆಯುಂಟು. ಮಹಾಭಾರತದ ಆದಿಪರ್ವದಲ್ಲಿ, ಅಣ್ಣನ ಆಜ್ಞೆಯಂತೆ ಪಾಂಡವರನ್ನು ಕೊಲ್ಲಲು ಬಂದ ಹಿಡಿಂಬೆ ಭೀಮನನ್ನು ಕಂಡು ಮನಸ್ಸು ಬದಲಿಸುತ್ತಾಳೆ; ಮುಂದೆ ಆ ಸಂಬಂಧಕ್ಕೆ ಒಪ್ಪಿಗೆ ಸಿಗುವುದು, ಹಗಲೆಲ್ಲ ಭೀಮ ಅವಳೊಡನೆ ಇದ್ದು ರಾತ್ರಿಗೆ ಮನೆಯವರ ಬಳಿ ಮರಳಬೇಕು ಎಂಬ ಕರಾರಿನ ಮೇಲೆ. ರಾಕ್ಷಸರ ಬಲ ರಾತ್ರಿಯಲ್ಲಿ ಎಂದು ನಂಬುವ ಪರಂಪರೆಯಲ್ಲಿ ಪ್ರೇಮಕ್ಕೆ ಹಗಲನ್ನು ಕೊಟ್ಟಿರುವುದು ಕಾದಂಬರಿಕಾರರಿಗೆ ಒಂದು ವರದಾನ. ಹದಿಹರೆಯದ ಪುಸ್ತಕಕ್ಕೆ ಅದು ಇನ್ನೂ ಹೆಚ್ಚು ಒಪ್ಪುತ್ತದೆ. ಪಿಯುಸಿ ಓದುವ ಹುಡುಗಿಯೊಬ್ಬಳು ಚಿತ್ರದುರ್ಗದಲ್ಲಿ ಮಧ್ಯರಾತ್ರಿ ಒಬ್ಬಳೇ ಕೋಟೆ ಹತ್ತುತ್ತಾಳೆಂದು ಬರೆದರೆ ಇಲ್ಲಿಯ ಓದುಗರು ನಂಬುವುದಿಲ್ಲ. ಸಂಜೆಗೆ ಕೋಟೆಯ ಬಾಗಿಲು ಹಾಕುತ್ತಾರೆ, ಮನೆಯ ಬಾಗಿಲನ್ನಂತೂ ಅದಕ್ಕೂ ಮೊದಲೇ. ಅವಳ ಕೈಯಲ್ಲಿರುವುದು ಕಾಲೇಜು ಬಿಟ್ಟು ಟ್ಯೂಷನ್ ಶುರುವಾಗುವವರೆಗಿನ ಒಂದಿಷ್ಟು ಹಗಲು ಮಾತ್ರ. ಹಗಲಿನಲ್ಲಷ್ಟೇ ಕಾಣುವ ಪ್ರೇತವನ್ನು ಕಲ್ಪಿಸಿದಿರೋ, ಅಲೌಕಿಕದ ಕಟ್ಟಳೆಯೂ ಮನೆಯ ಕಟ್ಟಳೆಯೂ ಒಂದೇ ಗಡಿಯಾರಕ್ಕೆ ಒಳಪಡುತ್ತವೆ, ಮತ್ತು ನಿಮ್ಮ ಅಧ್ಯಾಯಗಳಿಗೆ ಬೇಕಾದ ಆತುರ ತಾನಾಗಿಯೇ ಹುಟ್ಟುತ್ತದೆ.

ಕಟ್ಟಳೆಯನ್ನು ಜಾಗದಿಂದಲೇ ಹುಟ್ಟಿಸುವುದು ನನಗೆ ಅತ್ಯಂತ ಇಷ್ಟವಾದ ವಿಧಾನ. ದುರ್ಗದ ಕೋಟೆಯ ನೀರಿನ ವ್ಯವಸ್ಥೆಯನ್ನೇ ತೆಗೆದುಕೊಳ್ಳಿ. ಮಳೆ ಬಿದ್ದಾಗ ಬಂಡೆಗಳ ಮೇಲಿನಿಂದ ಹರಿದ ನೀರು ಗೋಪಾಲಸ್ವಾಮಿ ಹೊಂಡದಲ್ಲಿ ನಿಲ್ಲುತ್ತದೆ. ಅದು ತುಂಬಿದರೆ ಹೆಚ್ಚಿನ ನೀರು ಅಕ್ಕತಂಗಿಯರ ಹೊಂಡಕ್ಕೆ ಇಳಿಯುತ್ತದೆ, ಅಲ್ಲಿಂದ ಕೆಳಗಿಳಿಯುತ್ತ ಊರೊಳಗಿನ ಸಿಹಿನೀರು ಹೊಂಡ, ಸಂತೆಹೊಂಡಗಳವರೆಗೆ ಸಾಗುತ್ತದೆ. ಈಗ ನಿಮ್ಮ ಪ್ರೇತವು ಕೋಟೆಯ ನೀರು ಮುಟ್ಟಿದ ಜಾಗಕ್ಕೆ ಮಾತ್ರ ಹೋಗಬಲ್ಲದು ಎಂದು ನಿಶ್ಚಯಿಸಿ. ಬರಗಾಲಗಳಿಗೆ ಹೆಸರಾದ ಈ ಜಿಲ್ಲೆಯಲ್ಲಿ ಅವನು ಎಷ್ಟೋ ವರ್ಷ ಮೇಲಿನ ಹೊಂಡದ ಮೆಟ್ಟಿಲಲ್ಲೇ ಉಳಿಯಬೇಕಾಗುತ್ತದೆ. ಒಳ್ಳೆಯ ಮಳೆಯಾಗಿ ಹೊಂಡ ತುಂಬಿ ಹರಿದ ವರ್ಷ ಮಾತ್ರ ಸಂತೆಹೊಂಡದವರೆಗೆ, ಅಂದರೆ ಅವಳು ದಿನವೂ ನಡೆದುಹೋಗುವ ರಸ್ತೆಯವರೆಗೆ ಬರಬಲ್ಲ. ಆಗ ಮುಂಗಾರಿನ ಮೋಡ ನೋಡಿ ರೈತ ಮಾತ್ರವಲ್ಲ, ನಾಯಕಿಯೂ ಆಕಾಶಕ್ಕೆ ಮುಖವೆತ್ತುತ್ತಾಳೆ. ಯಾರಾದರೂ ನಡುವಿನ ನೀರಿನ ದಾರಿಯನ್ನು ಮುಚ್ಚಿ ಮನೆ ಕಟ್ಟಿದರೆ ಅದೂ ಕಥೆಗೆ ಒಂದು ತಿರುವು. ದಾವಣಗೆರೆಯವರು ಬೇರೆ ದಾರಿ ಹಿಡಿಯಬಹುದು. ಹತ್ತಿ ಗಿರಣಿಗಳಿಗೆ ಹೆಸರಾಗಿದ್ದ ಆ ಊರಿನಲ್ಲಿ, ಎರಡು ಪಾಳಿಗಳ ಸೈರನ್‌ಗಳ ನಡುವೆ ಮಾತ್ರ ಕಾಣಿಸುತ್ತಿದ್ದ ಗಿರಣಿ ಕೆಲಸಗಾರನ ಪ್ರೇತವು, ಗಿರಣಿಯೇ ಮುಚ್ಚಿ ಸೈರನ್ ನಿಂತ ಮೇಲೆ ಏನಾಗುತ್ತದೆ ಎಂಬುದನ್ನು ಆಲೋಚಿಸಿದರೆ ಸಾಕು.

ಎರಡನೆಯ ಪ್ರಶ್ನೆ: ನಿಮ್ಮ ಪ್ರೇತ ಈವರೆಗೆ ಎಚ್ಚರವಾಗಿತ್ತೋ, ನಿದ್ರೆಯಲ್ಲಿತ್ತೋ? 1779ರಲ್ಲಿ ಕೋಟೆ ಹೈದರಾಲಿಯ ವಶವಾದಾಗ ಸತ್ತ ಯುವಕ ಬಲ್ಬನ್ನು ಕಂಡು ಬೆಚ್ಚಿಬೀಳುವ ದೃಶ್ಯವನ್ನು ಎಲ್ಲರೂ ಬರೆಯುತ್ತಾರೆ. ಅವನು ಅಂದಿನಿಂದ ಎಚ್ಚರವಾಗಿಯೇ ಇದ್ದರೆ, ರೈಲು ಬಂದದ್ದನ್ನು, ಹೆದ್ದಾರಿ ಅಗಲವಾದದ್ದನ್ನು, ಜೋಗಿಮಟ್ಟಿ ಕಡೆಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಒಂದೊಂದಾಗಿ ಎದ್ದದ್ದನ್ನು ನೋಡಿಯೇ ಇರುತ್ತಾನೆ, ಬೆಚ್ಚುವುದಿಲ್ಲ, ಬೇಸತ್ತಿರುತ್ತಾನೆ. ನಿದ್ರೆಯಿಂದ ಎದ್ದವನಾದರೆ ಬೆಚ್ಚಲಿ, ಆದರೆ ಅವನನ್ನು ಎಬ್ಬಿಸಿದ್ದು ಏನು ಎಂಬುದನ್ನು ಲೇಖಕರು ಹೇಳಲೇಬೇಕು. ಮಾತಿನ ಧಾಟಿಯೂ ಇದನ್ನೇ ಅವಲಂಬಿಸುತ್ತದೆ. ಪ್ರೇತವೆಂದರೆ ಹಳಗನ್ನಡದಲ್ಲಿ ಮಾತಾಡಬೇಕೆಂಬ ಭ್ರಮೆ ಅನೇಕರಲ್ಲಿದೆ; ಹದಿನೆಂಟನೆಯ ಶತಮಾನದ ದುರ್ಗದವನು ಪಂಪನ ಕನ್ನಡವನ್ನು ಆಡುತ್ತಿರಲಿಲ್ಲ. ಆ ಕಾಲದ ಆಸುಪಾಸಿನ ಕೈಫಿಯತ್ತುಗಳ, ಅಂದರೆ ಊರು, ಮನೆತನಗಳ ಹಳೆಯ ವೃತ್ತಾಂತಗಳ ಭಾಷೆಯನ್ನು ಓದಿದರೆ ಮರಾಠಿ, ಪಾರಸಿ ಮೂಲದ ಆಡಳಿತದ ಮಾತುಗಳು ಧಾರಾಳವಾಗಿ ಬೆರೆತ, ನಮಗೆ ಬಹುಮಟ್ಟಿಗೆ ಅರ್ಥವಾಗುವ ಕನ್ನಡ ಸಿಗುತ್ತದೆ. ಅವಳು ಅವನನ್ನು ಬಹುವಚನದಲ್ಲಿ ಕರೆಯಬೇಕೋ ಏಕವಚನದಲ್ಲೋ ಎಂಬ ತೊಡಕನ್ನು ಬಿಡಿಸಿಕೊಳ್ಳಬೇಡಿ, ಬಳಸಿಕೊಳ್ಳಿ. ನೋಡಲು ಹದಿನೇಳರವನು, ಲೆಕ್ಕದಲ್ಲಿ ಮುತ್ತಾತನಿಗಿಂತ ಹಿರಿಯ. ಅವಳು ಯಾವ ಪುಟದಲ್ಲಿ ‘ನೀನು’ ಎನ್ನುತ್ತಾಳೋ ಆ ಪುಟದಲ್ಲಿ ಬೇರೆ ಪ್ರೇಮನಿವೇದನೆಯ ಅಗತ್ಯವೇ ಬೀಳುವುದಿಲ್ಲ.

ಈ ವಯಸ್ಸಿನ ಲೆಕ್ಕವನ್ನು ತಮಾಷೆಯಾಗಿ ಮುಗಿಸಿಬಿಡಲು ನನ್ನ ಮನಸ್ಸು ಒಪ್ಪುವುದಿಲ್ಲ. ಶತಮಾನಗಳ ಅನುಭವವುಳ್ಳವನೊಬ್ಬ ಹದಿನಾರರ ಹುಡುಗಿಯನ್ನು ಪ್ರೀತಿಸುವುದು ಈ ಪ್ರಕಾರದ ಕಥೆಗಳಲ್ಲಿ ಎಷ್ಟು ಸಾಮಾನ್ಯವಾಗಿದೆಯೆಂದರೆ ಅದರಲ್ಲಿರುವ ಅಸಮತೆ ಯಾರ ಕಣ್ಣಿಗೂ ಬೀಳುತ್ತಿಲ್ಲ. 2012ರ ಪೋಕ್ಸೊ ಕಾಯ್ದೆಯ ಪ್ರಕಾರ 18 ತುಂಬದವರೆಲ್ಲರೂ ಮಕ್ಕಳು. ನಮ್ಮ ಓದುಗರಲ್ಲಿ ಹೆಚ್ಚಿನವರೂ ಅವರೇ. ಆದ್ದರಿಂದ ದೈಹಿಕ ಸಾಮೀಪ್ಯದ ವರ್ಣನೆಯನ್ನು ಬಿಟ್ಟುಬಿಡುವುದು ನನ್ನ ಮಟ್ಟಿಗೆ ಚರ್ಚೆಗೆ ಎಡೆಯಿಲ್ಲದ ವಿಚಾರ, ಮುಟ್ಟಲಾರದ ಪ್ರೇತವು ಅದಕ್ಕೆ ಒಳ್ಳೆಯ ಕಥಾಕಾರಣವನ್ನೂ ಒದಗಿಸುತ್ತದೆ. ಇನ್ನೂ ಸೂಕ್ಷ್ಮವಾದದ್ದು ಅವನ ನಡವಳಿಕೆ. ಅವಳಿಗೆ ತಿಳಿಯದಂತೆ ಅವಳ ಕೋಣೆಯಲ್ಲಿ ನಿಂತು ನಿದ್ರೆಯನ್ನು ನೋಡುವುದು, ಅವಳು ಬೇಡವೆಂದರೂ ಹಿಂದೆಯೇ ಬರುವುದು, ಅವಳೊಡನೆ ಮಾತಾಡಿದ ಸಹಪಾಠಿಯನ್ನು ಹೆದರಿಸುವುದು ಇವೆಲ್ಲ ಹಸ್ತಪ್ರತಿಗಳಲ್ಲಿ ಗಾಢಪ್ರೇಮದ ಕುರುಹುಗಳಾಗಿ ಬರುತ್ತವೆ. ಬದುಕಿರುವ ಗಂಡಸು ಹೀಗೆ ಹೆಣ್ಣೊಬ್ಬಳ ಬೆನ್ನುಹತ್ತುವುದನ್ನು 2013ರ ಕಾನೂನು ತಿದ್ದುಪಡಿ ಪ್ರತ್ಯೇಕ ಅಪರಾಧವೆಂದೇ ಹೆಸರಿಸಿದೆ. ಸತ್ತವನೆಂಬ ಕಾರಣಕ್ಕೆ ಅದು ಪ್ರೇಮವಾಗುವುದಿಲ್ಲ. ಇದಕ್ಕೆ ಉಪದೇಶದ ಪರಿಹಾರ ಬೇಡ, ಕಟ್ಟಳೆಯ ಪರಿಹಾರ ಸಾಕು: ಅವಳು ಕರೆಯದೆ ಅವನು ಹೊಸ್ತಿಲು ದಾಟಲಾರ, ಅವಳು ಹೋಗು ಎಂದರೆ ನಿಲ್ಲಲಾರ ಎಂದು ನಿಯಮ ಮಾಡಿಬಿಡಿ. ಆಗ ಕಥೆಯ ಕೀಲಿಕೈ ಬದುಕಿರುವ ಹುಡುಗಿಯ ಕೈಗೆ ಬರುತ್ತದೆ, ಅವಳು ಕರೆಯುವ ಪ್ರತಿಯೊಂದು ಕರೆಗೂ ತೂಕ ಬರುತ್ತದೆ.

ಇನ್ನೊಂದು ಮಾತನ್ನು ಸ್ವಲ್ಪ ಹಿಂಜರಿಕೆಯಿಂದಲೇ ಹೇಳುತ್ತೇನೆ. ನಮ್ಮ ಲೇಖಕರಲ್ಲಿ ಕೆಲವರು ಪ್ರೇತವನ್ನು ಆರಿಸಿಕೊಳ್ಳುವುದು ಅದಕ್ಕೆ ಜಾತಿಯಿಲ್ಲ ಎಂಬ ಸಮಾಧಾನದಿಂದ. ಎರಡು ಲೋಕಗಳ ನಡುವಿನ ಪ್ರೇಮವೆಂದರೆ ಯಾರಿಗೂ ನೋವಾಗದು, ಎರಡು ಕೇರಿಗಳ ನಡುವಿನದಾದರೆ ಪ್ರಕಾಶಕರೂ ಪೋಷಕರೂ ಮುಖ ಗಂಟಿಕ್ಕುತ್ತಾರೆ. ಆದರೆ ದುರ್ಗವನ್ನಾಳಿದ ನಾಯಕ ಅರಸರ ಸೈನ್ಯದಲ್ಲಿದ್ದ ಯುವಕನಿಗೆ ಕುಲವೂ ಮನೆದೇವರೂ ಇದ್ದವು. ಕೋಟೆಯ ಯಾವ ಸುತ್ತಿನಲ್ಲಿ ಅವನ ಮನೆಯಿತ್ತು ಎಂಬುದರಲ್ಲೇ ಅವನ ಸ್ಥಾನವೂ ಅಡಗಿರುತ್ತಿತ್ತು. ನಾಯಕಿಯ ಅಜ್ಜಿ ಆ ಹೆಸರನ್ನು ಕೇಳಿ ಮೊದಲು ಕೇಳುವ ಪ್ರಶ್ನೆ ಅವನು ಸತ್ತಿದ್ದಾನೆಯೇ ಎಂಬುದಾಗಿರುವುದಿಲ್ಲ. ಈ ನಗುವನ್ನೂ ನೋವನ್ನೂ ಬಿಟ್ಟು ಬರೆದರೆ ಕಾದಂಬರಿ ಯಾವ ಊರಿನದ್ದಾದರೂ ಆಗಬಹುದು. ಅಂದಹಾಗೆ, ಪಾತ್ರಗಳನ್ನು ಕಲ್ಪಿಸಿಯೇ ಬರೆಯಿರಿ. ಓಬವ್ವನನ್ನಾಗಲಿ ಮದಕರಿನಾಯಕನನ್ನಾಗಲಿ ಪ್ರೇಮಕಥೆಯ ಪ್ರೇತವಾಗಿ ಕರೆತರುವುದು ಜನರ ಗೌರವಕ್ಕೆ ಪೆಟ್ಟು ಕೊಡುವುದಲ್ಲದೆ ಕಥೆಗೂ ಲಾಭವಿಲ್ಲ, ಏಕೆಂದರೆ ಅವರ ಅಂತ್ಯ ಎಲ್ಲರಿಗೂ ಗೊತ್ತು.

ದೆವ್ವ ಬಿಡಿಸುವ ದೃಶ್ಯಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಕಟ್ಟಿಹಾಕುವುದು ಮೊದಲಾದವು ಕರ್ನಾಟಕದ 2017ರ ಅಮಾನವೀಯ ದುಷ್ಟ ಪದ್ಧತಿಗಳ ಮತ್ತು ವಾಮಾಚಾರ ತಡೆ ಕಾಯ್ದೆಯಡಿ ಅಪರಾಧ. ಅಂಥ ದೃಶ್ಯ ಬರಲೇಬೇಕೆಂದರೆ ಅದು ಹುಡುಗಿಯ ಮೇಲೆ ನಡೆಯುವ ಹಿಂಸೆಯಾಗಿ ಬರಲಿ, ಫಲ ಕೊಡುವ ಚಿಕಿತ್ಸೆಯಾಗಿ ಬರುವುದು ಬೇಡ.

ಅಂತ್ಯದ ಬಗ್ಗೆ ಮಾತ್ರ ನಿಧಾನವಾಗಿ ಹೇಳಬೇಕು. ಈ ಪ್ರಕಾರದಲ್ಲಿ ಮೂರೇ ದಾರಿಗಳಿವೆ: ಅವನು ಹೊರಟುಹೋಗುವುದು, ಅವಳು ಅವನ ಲೋಕಕ್ಕೆ ಹೋಗುವುದು, ಅವನು ಅವಳ ಲೋಕಕ್ಕೆ ಬರುವುದು. ಪ್ರಿಯಕರ ಪ್ರೇತವಾಗಿದ್ದಾಗ ಎರಡನೆಯ ದಾರಿಗೆ ಸಾವು ಎಂದೇ ಹೆಸರು, ಅದಕ್ಕೆ ಎಷ್ಟೇ ಬೆಳದಿಂಗಳು ಬಳಿದರೂ. ಅಂತ್ಯಕ್ಕೆ ಭವ್ಯತೆ ಬರುತ್ತದೆಂಬ ನಂಬಿಕೆಯಿಂದ ಹೊಸಬರು ಹೆಚ್ಚಾಗಿ ಆರಿಸುವುದು ಇದನ್ನೇ. ನಾನು ಅಂಥ ಹಸ್ತಪ್ರತಿಯನ್ನು ಮುಂದೆ ಕಳುಹಿಸುವುದಿಲ್ಲ. ಪರೀಕ್ಷೆಯ ಭಯ, ಮನೆಯ ಒತ್ತಡ, ಮುರಿದ ಸ್ನೇಹ ಇವುಗಳ ನಡುವೆ ಕುಳಿತು ಓದುವ ಹುಡುಗ ಹುಡುಗಿಯರಿಗೆ ಸಾವನ್ನು ಮಿಲನವಾಗಿ ತೋರಿಸುವ ಹಕ್ಕು ಯಾವ ಲೇಖಕರಿಗೂ ಇದೆಯೆಂದು ನನಗೆ ಅನ್ನಿಸುವುದಿಲ್ಲ. ಕಥೆಯಲ್ಲಿ ಸಾಯುವ ಆಲೋಚನೆ ಸುಳಿದರೂ ಸಾಕು, ಟೆಲಿ ಮಾನಸ್ ಸಹಾಯವಾಣಿಯ 14416 ಸಂಖ್ಯೆಯನ್ನು ಪುಸ್ತಕದಲ್ಲಿ ಅಚ್ಚು ಮಾಡಬೇಕೆಂದು ಪ್ರಕಾಶಕರಿಗೆ ಹೇಳುತ್ತೇನೆ. ಇದು ಕಲೆಯ ಮೇಲಿನ ಹೊಸಕಾಲದ ನಿರ್ಬಂಧವೆಂದು ಗೊಣಗುವವರು ಮತ್ತೆ ಆ 95ನೇ ಸೂಕ್ತಕ್ಕೆ ಹೋಗಬೇಕು. ಅಲ್ಲಿ ಪುರೂರವ ಅವಳು ಬಾರದಿದ್ದರೆ ತಾನು ಸಾಯುತ್ತೇನೆ, ತೋಳಗಳು ತನ್ನನ್ನು ತಿನ್ನಲಿ ಎನ್ನುತ್ತಾನೆ. ಊರ್ವಶಿ ಅದಕ್ಕೆ ಕರಗಿ ಅವನ ತೋಳಿಗೆ ಬೀಳುವುದಿಲ್ಲ, ಸಾಯು ಎಂದು ಬಿಟ್ಟುಬಿಡುವುದೂ ಇಲ್ಲ. ಸಾಯಬೇಡ, ತೋಳಗಳಿಗೆ ಆಹಾರವಾಗಬೇಡ, ಮನೆಗೆ ಹಿಂತಿರುಗು ಎನ್ನುತ್ತಾಳೆ. ಬೆದರಿಕೆಗೆ ಮಣಿಯದೆ, ಅವನ ಸಾವನ್ನೂ ಬಯಸದೆ ಹೇಳಿದ ಈ ಉತ್ತರದಷ್ಟು ಪ್ರೌಢವಾದ ಅಂತ್ಯ ನನ್ನ ಮೇಜಿನ ಮೇಲಿನ ಹಸ್ತಪ್ರತಿಗಳಲ್ಲಿ ಬಂದದ್ದು ಬಹಳ ಕಡಿಮೆ.

ಮೂರನೆಯ ದಾರಿಯನ್ನು ಹಿಡಿಯುವವರು ಬೆಲೆಯನ್ನು ಮರೆಯಬಾರದು. ಪ್ರೇತವು ಮನುಷ್ಯನಾಗಿ ಮರಳಿದರೆ ಅವನು ಏನನ್ನು ಕಳೆದುಕೊಂಡ? ನೆನಪನ್ನೋ, ತನ್ನ ಕಾಲದವರನ್ನು ಸೇರುವ ಭರವಸೆಯನ್ನೋ, ಅವಳ ಗುರುತನ್ನೋ? ಇಷ್ಟಕ್ಕೂ ಅವನು ಮರುದಿನ ಬೆಳಿಗ್ಗೆ ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ ಹಸಿದುಕೊಂಡು ನಿಂತಿರುತ್ತಾನೆ: ಜನನ ಪ್ರಮಾಣಪತ್ರವಿಲ್ಲ, ಆಧಾರ್ ಇಲ್ಲ, ಪಡಿತರ ಚೀಟಿಯಲ್ಲಿ ಹೆಸರಿಲ್ಲ, ಕತ್ತಿ ಹಿಡಿಯುವುದನ್ನು ಬಿಟ್ಟು ಬೇರೆ ಕೆಲಸ ಬಾರದು. ಹೆಚ್ಚಿನವರು ಕಾದಂಬರಿಯನ್ನು ಮುಗಿಸುವುದು ಅವನು ಮೊದಲ ಉಸಿರು ಎಳೆದ ಕ್ಷಣಕ್ಕೆ. ಅಲ್ಲಿಂದ ಮುಂದಿನ ಒಂದು ಅಧ್ಯಾಯವನ್ನು, ಅವಳು ಅವನನ್ನು ಕರೆದುಕೊಂಡು ತಾಲ್ಲೂಕು ಕಚೇರಿಯ ಸಾಲಿನಲ್ಲಿ ನಿಲ್ಲುವವರೆಗೆ, ಬರೆದು ನೋಡಿ ಎಂದು ನಾನು ಒತ್ತಾಯಿಸುತ್ತೇನೆ. ಹುಟ್ಟಿದ ದಿನಾಂಕದ ಕಾಲಂನಲ್ಲಿ ಏನು ತುಂಬಬೇಕೆಂದು ಇಬ್ಬರೂ ತಲೆ ಕೆಡಿಸಿಕೊಳ್ಳುವಾಗ ಅವರ ಪ್ರೀತಿ ನಿಲ್ಲುವಂಥದ್ದೋ ಅಲ್ಲವೋ ಎಂಬುದು ಲೇಖಕರಿಗೇ ಗೊತ್ತಾಗಿಬಿಡುತ್ತದೆ.