ಹೀರೋ ಹತ್ತಿದ ರೈಲು ಬೇರೆ, ಇಳಿದ ರೈಲು ಬೇರೆ

ಪ್ರಶ್ನೆ: ನಮ್ಮ ಭಾವ ರೈಲ್ವೆಯಲ್ಲಿದ್ದು ರಿಟೈರ್ ಆದವರು. ಅವರ ಜೊತೆ ಕೂತು ಸಿನಿಮಾ ನೋಡುವುದೇ ಕಷ್ಟ. ರೈಲು ಕಂಡ ಕೂಡಲೇ "ಇದು ತಪ್ಪು, ಅದು ಸುಳ್ಳು" ಅಂತ ಶುರು ಮಾಡುತ್ತಾರೆ. ನಮಗೋ ಎಲ್ಲ ರೈಲೂ ಒಂದೇ ಥರ ಕಾಣುತ್ತದೆ. ಇಂಜಿನ್ ಬಗ್ಗೆ ಏನೂ ಗೊತ್ತಿಲ್ಲದವರು ಇಂಥ ತಪ್ಪು ಹಿಡಿಯುವುದು ಹೇಗೆ? (ಪುಣೆಯ ಚಿಂಚವಾಡದಿಂದ ಓದುಗರೊಬ್ಬರು)

ಉತ್ತರ: ನಾನು ನಿಮ್ಮ ಭಾವನ ಪಾರ್ಟಿ. ನಮ್ಮ ಮನೆಯಲ್ಲಿ ಆ ಪಾತ್ರ ನನ್ನದೇ. ಡೊಂಬಿವಲಿಯಿಂದ ದಿನಾ ಲೋಕಲ್ ಹತ್ತಿ ಇಳಿದವನು ನಾನು. ಟೀವಿಯಲ್ಲಿ ರೈಲು ಬಂದರೆ ಬಾಯಿ ಸುಮ್ನೆ ಇರುವುದಿಲ್ಲ. ಮಗಳು ಈಗ ರೈಲಿನ ದೃಶ್ಯ ಬರುವ ಮುಂಚೆಯೇ ನನ್ನನ್ನು ಚಹಾ ಮಾಡಲು ಅಡುಗೆಮನೆಗೆ ಕಳಿಸುತ್ತಾಳೆ.

ನಿಜ ಹೇಳಬೇಕೆಂದರೆ ಇದಕ್ಕೆ ಇಂಜಿನ್ ಜ್ಞಾನ ಜಾಸ್ತಿ ಬೇಕಾಗಿಲ್ಲ. ಸಿನಿಮಾದವರು ಯಾವುದನ್ನು ಬದಲಿಸಲಾರರೋ ಅದನ್ನು ನೋಡಿದರೆ ಸಾಕು. ಬೋಗಿಗೆ ಬೇರೆ ಹೆಸರಿನ ಫಲಕ ತೂಗುಹಾಕಬಹುದು. ಸ್ಟೇಷನ್ನಿನ ಗೋಡೆಗೆ ಬಣ್ಣ ಬಳಿಯಬಹುದು. ನಾಯಕಿಗೆ ಎಪ್ಪತ್ತರ ದಶಕದ ಸೀರೆ ಉಡಿಸಬಹುದು. ಆದರೆ ಹಳಿ, ತಲೆಯ ಮೇಲಿನ ವಿದ್ಯುತ್ ತಂತಿ, ಹಿಂದಿನ ಗುಡ್ಡ, ಇವನ್ನು ಎರಡು ದಿನದ ಶೂಟಿಂಗ್‌ಗಾಗಿ ಯಾರೂ ಕಿತ್ತು ಹಾಕುವುದಿಲ್ಲ. ಕಥೆ ಎಡವುವುದು ಅಲ್ಲೇ.

ಮೊದಲು ತಂತಿ ನೋಡಿ. ಕೊಂಕಣ ರೈಲ್ವೆ ಪೂರ್ತಿಯಾಗಿ ಓಡಾಟಕ್ಕೆ ತೆರೆದದ್ದು 1998ರ ಜನವರಿಯಲ್ಲಿ. ಆ ದಾರಿಯುದ್ದಕ್ಕೂ ವಿದ್ಯುತ್ ತಂತಿ ಎಳೆದು ಮುಗಿದದ್ದು 2022ರಲ್ಲಿ. ನಡುವಿನ ಇಪ್ಪತ್ನಾಲ್ಕು ವರ್ಷ ಮುಂಬಯಿಯಿಂದ ಮಂಗಳೂರಿಗೆ ಹೋಗುವ ನಮ್ಮ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಆ ದಾರಿಯಲ್ಲಿ ಡೀಸೆಲ್ ಹೊಗೆ ಬಿಟ್ಟುಕೊಂಡೇ ಹೋಗುತ್ತಿತ್ತು. ಹಾಗಾಗಿ 2005ರಲ್ಲಿ ನಡೆಯುವ ಕಥೆಯಲ್ಲಿ ನಾಯಕ ರತ್ನಾಗಿರಿಯ ಪ್ಲಾಟ್‌ಫಾರಂ ಮೇಲೆ ನಿಂತು ಅಳುತ್ತಿದ್ದು, ಅವನ ತಲೆ ಮೇಲೆ ತಂತಿ ಹಾದುಹೋಗಿದ್ದರೆ ನಿಮ್ಮ ಭಾವ ಹೇಳಿದ್ದು ಸರಿ. ಇನ್ನು 1985ರ ಕಥೆಯಲ್ಲಿ ಮುಂಬಯಿಯ ಹೋಟೆಲ್ ಹುಡುಗ ಊರ ಜಾತ್ರೆಗೆ ಅಂತ ನೇರವಾಗಿ ಉಡುಪಿ ಸ್ಟೇಷನ್ನಿನಲ್ಲಿ ಇಳಿದರೆ ತಂತಿ ನೋಡುವುದೇ ಬೇಡ. ಆಗ ಉಡುಪಿಯಲ್ಲಿ ರೈಲ್ವೆ ಸ್ಟೇಷನ್ನೇ ಇರಲಿಲ್ಲ. ಬಸ್ಸಿನಲ್ಲಿ ಸೊಂಟ ಮುರಿದುಕೊಂಡು ಹೋದವರು ಇನ್ನೂ ನಮ್ಮ ನಡುವೆ ಇದ್ದಾರೆ, ಅವರನ್ನು ಕೇಳಿ.

ಇಲ್ಲಿ ಒಂದು ಎಚ್ಚರ ಬೇಕು. ತಂತಿಯ ಕೆಳಗೆ ಡೀಸೆಲ್ ಇಂಜಿನ್ ಓಡಿದರೆ ಅದು ತಪ್ಪಲ್ಲ. ಡೀಸೆಲ್‌ಗೆ ತಂತಿ ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ತಂತಿಯೇ ಇಲ್ಲದ ಕಡೆ ವಿದ್ಯುತ್ ಇಂಜಿನ್ ಬಂದರೆ ಮಾತ್ರ ಗಲಾಟೆ ಮಾಡಬಹುದು.

ಆಮೇಲೆ ಹಳಿ. ಬ್ರಾಡ್‌ಗೇಜ್ ಹಳಿಗಳ ನಡುವೆ 1676 ಮಿಲಿಮೀಟರ್ ಅಂತರ. ಮೀಟರ್‌ಗೇಜ್‌ನಲ್ಲಿ ಹೆಸರೇ ಹೇಳುವಂತೆ ಒಂದೇ ಮೀಟರ್. ನೇರಳ್‌ನಿಂದ ಮಾಥೇರಾನ್‌ಗೆ ಹತ್ತುವ ಪುಟ್ಟ ಗಾಡಿಯ ಹಳಿ ಬರೀ 610 ಮಿಲಿಮೀಟರ್. ಕಣ್ಣಿಗೇ ಗೊತ್ತಾಗುವಷ್ಟು ವ್ಯತ್ಯಾಸ. ಗೋವಾದ ಹಳೆಯ ರೈಲು ದಾರಿ ಪೋರ್ಚುಗೀಸರ ಕಾಲದಿಂದ 1990ರ ದಶಕದವರೆಗೂ ಮೀಟರ್‌ಗೇಜ್ ಆಗಿತ್ತು. ಮುಂಬಯಿಯಿಂದ ಗೋವಾಕ್ಕೆ ರೈಲಿನಲ್ಲಿ ಹೋಗುವವರು ಮಿರಜ್‌ನಲ್ಲಿ ಗಂಟುಮೂಟೆ ಇಳಿಸಿ ಗಾಡಿ ಬದಲಿಸಬೇಕಿತ್ತು. ಹುಬ್ಬಳ್ಳಿ, ಬೆಳಗಾವಿ ಕಡೆಯವರಿಗೂ ಇದೇ ಪಾಡು. ನಮ್ಮ ಮಾವ ಮಿರಜ್ ಹೆಸರು ಬಂದರೆ ಈಗಲೂ ಕೂಲಿಯ ಜೊತೆ ಆದ ಜಗಳದ ಕಥೆ ಹೇಳುತ್ತಾರೆ. ಅಂಥ ಕಾಲದ ಗೋವಾ ಅಂತ ತೋರಿಸುತ್ತಾ ಅಗಲವಾದ ಹಳಿಯ ಮೇಲೆ ಉದ್ದನೆಯ ಎಕ್ಸ್‌ಪ್ರೆಸ್ ಓಡಿಸಿದರೆ ಮಾವನಿಗೆ ಬರುವ ಸಿಟ್ಟು ಅಷ್ಟಿಷ್ಟಲ್ಲ.

ಹಳಿ ಕಾಣದಿದ್ದರೆ ಇಂಜಿನ್ ಮೈಮೇಲಿನ ಅಕ್ಷರ ಓದಿ. ಮೊದಲ ಅಕ್ಷರ ಡಬ್ಲ್ಯು ಆದರೆ ಬ್ರಾಡ್‌ಗೇಜ್, ವೈ ಆದರೆ ಮೀಟರ್‌ಗೇಜ್. ಎರಡನೆಯದು ಡಿ ಆದರೆ ಡೀಸೆಲ್, ಸಿ ಆದರೆ ಡಿಸಿ (ಒಂದೇ ದಿಕ್ಕಿಗೆ ಹರಿಯುವ) ಕರೆಂಟು, ಎ ಆದರೆ ಎಸಿ (ದಿಕ್ಕು ಬದಲಿಸುತ್ತಾ ಹರಿಯುವ) ಕರೆಂಟು. ಮುಂಬಯಿಯವರಿಗೆ ಈ ಎರಡನೆಯ ಅಕ್ಷರ ಬಹಳ ಮುಖ್ಯ. ದೇಶದ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ವೀಟಿಯಿಂದ (ವಿಕ್ಟೋರಿಯಾ ಟರ್ಮಿನಸ್) ಕುರ್ಲಾಕ್ಕೆ ಓಡಿತಲ್ಲ, ಅದು 1500 ವೋಲ್ಟಿನ ಡಿಸಿ ಕರೆಂಟಿನ ಮೇಲೆ. ವೀಟಿ ಕಡೆ ಆ ಡಿಸಿ ಪೂರ್ತಿ ಹೋಗಿ 25,000 ವೋಲ್ಟಿನ ಎಸಿ ಬರಲು 2015-16 ಆಯಿತು. ಅಂದರೆ 1990ರ ದಶಕದ ಕಥೆಯಲ್ಲಿ ವೀಟಿ ಪ್ಲಾಟ್‌ಫಾರಂನಲ್ಲಿ "ಡಬ್ಲ್ಯು ಎ ಪಿ" ಅಂತ ಬರೆದ ಇಂಜಿನ್ ನಿಂತಿದ್ದರೆ, ಅದು ಅಲ್ಲಿಗೆ ಬಂದದ್ದಾದರೂ ಹೇಗೆ? ಆ ಇಂಜಿನ್‌ಗೆ ಆ ತಂತಿಯಲ್ಲಿ ಊಟವೇ ಇಲ್ಲ. ಇಷ್ಟು ಸೂಕ್ಷ್ಮ ನಿಮ್ಮ ಭಾವನಂಥವರಿಗೆ ಬಿಟ್ಟುಬಿಡಿ. ಆದರೂ ಒಮ್ಮೆ ಹೇಳಿ ನೋಡಿ, ಮುಖ ಅರಳುತ್ತದೆ.

ಗುಡ್ಡದ ವಿಷಯ ಇನ್ನೂ ಮಜಾ. "ಚೆನ್ನೈ ಎಕ್ಸ್‌ಪ್ರೆಸ್" ಸಿನಿಮಾದಲ್ಲಿ ರೈಲು ದೂಧ್‌ಸಾಗರ್ ಜಲಪಾತದ ಸೇತುವೆ ಮೇಲೆ ಬರುತ್ತದೆ. ನೋಡಲು ಎಷ್ಟು ಚಂದ! ಆದರೆ ಮುಂಬಯಿಯಿಂದ ಚೆನ್ನೈಗೆ ಹೋಗುವ ಗಾಡಿ ಪುಣೆ, ಸೊಲ್ಲಾಪುರ, ಕಲಬುರಗಿ, ರಾಯಚೂರು ಮೇಲೆ ಹೋಗುತ್ತದೆ. ದೂಧ್‌ಸಾಗರ್ ಇರುವುದು ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಗೆ ಇಳಿಯುವ ಘಾಟಿನಲ್ಲಿ. ಕಲಬುರಗಿಯ ಬಿಸಿಲಲ್ಲಿ ಬೇಯಬೇಕಾದವರು ಜಲಪಾತದ ಹನಿಗೆ ಒದ್ದೆಯಾದರು! ಇದನ್ನು ನಾನು ತಪ್ಪು ಅನ್ನುವುದಿಲ್ಲ, ಆಸೆ ಅನ್ನುತ್ತೇನೆ. ಅಂಥ ಜಾಗ ಬಿಟ್ಟು ಯಾರು ತಾನೇ ಬಯಲಲ್ಲಿ ಕ್ಯಾಮೆರಾ ಇಡುತ್ತಾರೆ?

"ಶೋಲೆ" ನಮ್ಮ ರಾಮನಗರದಲ್ಲಿ ತೆಗೆದದ್ದು ಅಂತ ಇಲ್ಲಿನ ಮರಾಠಿ ಗೆಳೆಯರ ಮುಂದೆ ನಾವು ಬೀಗುತ್ತೇವೆ. ಬಂಡೆಗಳು ನಮ್ಮವೇ, ಸಂಶಯವಿಲ್ಲ. ಆದರೆ ಆ ರೈಲಿನ ಹೊಡೆದಾಟ ತೆಗೆದದ್ದು ಪನ್ವೇಲ್ ಹತ್ತಿರ. ಬೇರೆ ಬೇರೆ ಕಡೆಯ ನೆಲವನ್ನು ಸೇರಿಸಿ ಒಂದೇ ಊರು ಮಾಡುವುದು ಸಿನಿಮಾದ ಕಸುಬು. ಹೊಲಿಗೆ ಕಾಣದಿದ್ದರೆ ಅದನ್ನು ಮೆಚ್ಚಬೇಕು, ಅಲ್ವಾ?

ನೀವು ಚಿಂಚವಾಡದವರು. ಹಾಗಾಗಿ ನಿಮಗೆ ತಕ್ಷಣ ಹೊಳೆಯುವ ತಪ್ಪೊಂದಿದೆ. ಕರ್ಜತ್‌ನಿಂದ ಲೋಣಾವಳಕ್ಕೆ ಹತ್ತುವ ಬೋರ್ ಘಾಟಿನಲ್ಲಿ ಪ್ರತಿ 37 ಅಡಿಗೆ ಒಂದು ಅಡಿ ಏರು. ಅದಕ್ಕೇ ಎಕ್ಸ್‌ಪ್ರೆಸ್‌ಗಳು ಕರ್ಜತ್‌ನಲ್ಲಿ ನಿಲ್ಲುತ್ತವೆ. ಹಿಂದಿನಿಂದ ತಳ್ಳಲು ಬ್ಯಾಂಕರ್ ಇಂಜಿನ್ ಬಂದು ಸೇರುತ್ತದೆ. ಆ ಹೊತ್ತಿನಲ್ಲಿ ನಾವು ಬಟಾಟ ವಡೆ ತಿನ್ನುತ್ತೇವೆ. ಗಾಡಿ ಘಾಟು ಹತ್ತುವ ದೃಶ್ಯದಲ್ಲಿ ಹಿಂದೆ ಬ್ಯಾಂಕರ್ ಇಲ್ಲದಿದ್ದರೆ ಎರಡೇ ಸಾಧ್ಯತೆ. ಒಂದೋ ಆ ಗಾಡಿ ನಿಜಕ್ಕೂ ಇಳಿಯುತ್ತಿದೆ, ಇಲ್ಲವೇ ಅದು ಬೇರೆ ಯಾವುದೋ ಘಾಟು. 2023ರಿಂದ ಓಡುತ್ತಿರುವ ಸೊಲ್ಲಾಪುರದ ವಂದೇ ಭಾರತ್‌ಗೆ ಮಾತ್ರ ಬ್ಯಾಂಕರ್ ಬೇಡ. ಅದರಲ್ಲಿ ಹೋದರೆ ಕರ್ಜತ್‌ನ ವಡೆಯೂ ಇಲ್ಲ.

ಇನ್ನು ಬಣ್ಣ ಮತ್ತು ನಂಬರು. ಹಳೆಯ ಕಾಲದ ಕಥೆಗಳು ಅತಿ ಹೆಚ್ಚು ಸಿಕ್ಕಿಬೀಳುವುದು ಇಲ್ಲಿ. ಸಾಮಾನ್ಯ ಎಕ್ಸ್‌ಪ್ರೆಸ್ ಬೋಗಿಗಳು ಮೊದಲು ಇಟ್ಟಿಗೆ ಕೆಂಪು ಬಣ್ಣದವು. ನೀಲಿ ಬಂದದ್ದು 1990ರ ದಶಕದಲ್ಲಿ. 1975ರ ತುರ್ತು ಪರಿಸ್ಥಿತಿಯ ಕಥೆಯಲ್ಲಿ ಸಾಮಾನ್ಯ ಎಕ್ಸ್‌ಪ್ರೆಸ್‌ಗೆ ನೀಲಿ ಬೋಗಿ ಕಂಡರೆ ಕಣ್ಣು ಮುಚ್ಚಿ ತಪ್ಪು ಅನ್ನಬಹುದು. ರೈಲಿನ ನಂಬರಿಗೆ ಐದು ಅಂಕಿ ಬಂದದ್ದು 2010ರ ಡಿಸೆಂಬರ್‌ನಲ್ಲಿ, ಅದಕ್ಕೂ ಮುಂಚೆ ನಾಲ್ಕೇ ಅಂಕಿ. ಬೋಗಿಯ ಮೈಮೇಲೆ ಬರೆದ ನಂಬರಿನ ಮೊದಲ ಎರಡು ಅಂಕಿ ಅದು ತಯಾರಾದ ವರ್ಷ. 04ರಿಂದ ಶುರುವಾದರೆ 2004ರ ಬೋಗಿ. ಕಲಾ ನಿರ್ದೇಶಕರು ಎಲ್ಲವನ್ನೂ ಮುಚ್ಚುತ್ತಾರೆ, ಈ ಚಿಕ್ಕ ನಂಬರನ್ನು ಮಾತ್ರ ಬಿಟ್ಟುಬಿಡುತ್ತಾರೆ. ನಾಯಕಿ ಬೋಗಿಗೆ ಒರಗಿ ಕಣ್ಣೀರು ಹಾಕುವಾಗ ನಾನು ಅವಳ ಭುಜದ ಪಕ್ಕ ನಂಬರು ಓದುತ್ತಿರುತ್ತೇನೆ. ನನ್ನನ್ನು ಅಡುಗೆಮನೆಗೆ ಕಳಿಸುವುದು ಸುಮ್ನೆ ಅಲ್ಲ.

ಹೆಸರೂ ಹಾಗೇ. ವೀಟಿ ಸಿಎಸ್‌ಟಿ (ಛತ್ರಪತಿ ಶಿವಾಜಿ ಟರ್ಮಿನಸ್) ಆದದ್ದು 1996ರಲ್ಲಿ, ಅದಕ್ಕೆ "ಮಹಾರಾಜ್" ಸೇರಿದ್ದು 2017ರಲ್ಲಿ. ಎಲ್ಫಿನ್‌ಸ್ಟನ್ ರೋಡ್ ಪ್ರಭಾದೇವಿ ಆದದ್ದು 2018ರಲ್ಲಿ. ಜೋಗೇಶ್ವರಿ ಮತ್ತು ಗೋರೆಗಾಂವ್ ನಡುವೆ ರಾಮಮಂದಿರ ಸ್ಟೇಷನ್ ಬಂದದ್ದು 2016ರ ಕೊನೆಗೆ. ಬಿಳಿ-ನೇರಳೆ ಬಣ್ಣದ ಲೋಕಲ್ 2007ರ ಹೊತ್ತಿಗೆ ಬಂತು, ಎಸಿ (ಹವಾನಿಯಂತ್ರಿತ) ಲೋಕಲ್ 2017ರ ಕ್ರಿಸ್‌ಮಸ್ ದಿನ. 1993ರ ಮುಂಬಯಿ ಅಂತ ಹೇಳಿ ಹಿಂದೆ ನೇರಳೆ ಲೋಕಲ್ ಓಡಿಸುವವರನ್ನು ನಾನು ಕ್ಷಮಿಸುವುದಿಲ್ಲ. ದಿನಕ್ಕೆ ಲಕ್ಷಗಟ್ಟಲೆ ಜನ ನೇತಾಡಿಕೊಂಡು ಹೋದ ಗಾಡಿಯ ಬಣ್ಣ ಅದು, ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು.

ಇಷ್ಟು ಹೊತ್ತು ಹೇಳಿದ್ದು ಕಾಲ ಮತ್ತು ಜಾಗದ ತಪ್ಪು. ಒಂದು ಶಾಟ್‌ನಿಂದ ಇನ್ನೊಂದು ಶಾಟ್‌ಗೆ ಹೊಂದದ ತಪ್ಪು ಹಿಡಿಯುವುದು ಇನ್ನೂ ಸುಲಭ. ನಾಯಕ ಕೆಂಪು ಬೋಗಿ ಹತ್ತುತ್ತಾನೆ, ದೂರದ ಶಾಟ್‌ನಲ್ಲಿ ಗಾಡಿ ನೀಲಿ, ಇಳಿಯುವಾಗ ಮತ್ತೆ ಕೆಂಪು. ಒಳಗೆ ಕೂತಾಗ ಕಿಟಕಿಗೆ ಅಡ್ಡ ಸರಳು ಇರುತ್ತದೆ, ಹೊರಗಿನಿಂದ ನೋಡಿದರೆ ಮುಚ್ಚಿದ ಗಾಜಿನ ಎಸಿ ಬೋಗಿ. ಡೀಸೆಲ್ ಇಂಜಿನ್ ಹೊರಡುತ್ತದೆ, ಸುರಂಗದಿಂದ ವಿದ್ಯುತ್ ಇಂಜಿನ್ ಹೊರಬರುತ್ತದೆ. ಇದೆಲ್ಲ ಯಾಕೆ ಆಗುತ್ತದೆ ಅಂದರೆ, ಹತ್ತುವುದು ಇಳಿಯುವುದು ಬಾಡಿಗೆಗೆ ಪಡೆದ ನಾಲ್ಕಾರು ಬೋಗಿಯ ಗಾಡಿಯಲ್ಲಿ. ಒಳಗಿನ ಮಾತುಕತೆ ಸ್ಟುಡಿಯೋದ ಸೆಟ್ಟಿನಲ್ಲಿ. ಓಡುವ ಗಾಡಿ ಮಾತ್ರ ಇನ್ಯಾವಾಗಲೋ ತೆಗೆದಿಟ್ಟ ಶಾಟ್. ಮೂರು ಗಾಡಿ ಸೇರಿ ಒಂದು ಪ್ರಯಾಣ.

ಕೆಲವೊಮ್ಮೆ ಎಡಿಟರ್ ಶಾಟನ್ನು ಕನ್ನಡಿಯಂತೆ ತಿರುಗಿಸಿಬಿಡುತ್ತಾರೆ. ಅಕ್ಷರ ಕಾಣದ ಶಾಟ್ ಆರಿಸಿಕೊಂಡರೆ ಯಾರಿಗೂ ತಿಳಿಯುವುದಿಲ್ಲ ಅಂತ ಧೈರ್ಯ. ಆದರೆ ನಮ್ಮಲ್ಲಿ ಜೋಡಿ ಹಳಿ ಇರುವ ಕಡೆ ಗಾಡಿ ಎಡಗಡೆ ಹೋಗುವುದು ರೂಢಿ. ತಿರುಗಿಸಿದ ಶಾಟ್‌ನಲ್ಲಿ ಅದು ಬಲಗಡೆ ಓಡುತ್ತದೆ. ಮೂರು ನಾಲ್ಕು ಹಳಿ ಇರುವ ಮುಂಬಯಿ ಕಡೆ ಈ ಲೆಕ್ಕ ನಡೆಯುವುದಿಲ್ಲ, ಅಲ್ಲಿ ಜಂಬ ಕೊಚ್ಚಿಕೊಳ್ಳಬೇಡಿ.

ಜಂಬದ ಮಾತು ಬಂದದ್ದಕ್ಕೆ ಹೇಳುತ್ತೇನೆ, ತಪ್ಪಲ್ಲದ್ದನ್ನು ತಪ್ಪು ಅನ್ನುವವರೂ ಬಹಳ. 1985ರ ಕಥೆಯಲ್ಲಿ ಉಗಿಬಂಡಿ ಕಂಡರೆ "ಆಗಲೇ ಡೀಸೆಲ್ ಬಂದಿತ್ತಲ್ಲ" ಅನ್ನುತ್ತಾರೆ. ಬಂದಿತ್ತು, ಆದರೆ ಬ್ರಾಡ್‌ಗೇಜ್‌ನಲ್ಲೇ ಉಗಿ ಇಂಜಿನ್ 1995ರವರೆಗೂ ಓಡಿದೆ. ಸರಿಯಾಗಿ ಮಾಡಿದವರೂ ಇದ್ದಾರೆ. ಶಂಕರ್‌ನಾಗ್ "ಮಾಲ್ಗುಡಿ ಡೇಸ್" ಧಾರಾವಾಹಿಗೆ ಶಿವಮೊಗ್ಗ-ತಾಳಗುಪ್ಪ ದಾರಿಯ ಅರಸಾಳು ಸ್ಟೇಷನ್ ಆರಿಸಿಕೊಂಡರು. ಆಗ ಅದು ಮೀಟರ್‌ಗೇಜ್, ದಕ್ಷಿಣದ ಸಣ್ಣ ಊರಿಗೆ ಹೇಳಿ ಮಾಡಿಸಿದಂತಿತ್ತು. ಈಗ ಅಲ್ಲಿ ಮಾಲ್ಗುಡಿ ಹೆಸರಿನ ಮ್ಯೂಸಿಯಮ್ಮೇ ಇದೆ.

ಇವತ್ತೇ ಅಭ್ಯಾಸ ಶುರು ಮಾಡುವುದಾದರೆ ಹಳದಿ ಬೋರ್ಡಿನಿಂದ ಮಾಡಿ. ಬೋರ್ಡಿನ ಭಾಷೆಗಳನ್ನು ನೋಡಿ. ಕರ್ನಾಟಕದ ಸ್ಟೇಷನ್ ಆದರೆ ಕನ್ನಡ ಇರಲೇಬೇಕು. ಕೆಳಗೆ ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಅಂತ ಬರೆದಿರುತ್ತಾರೆ. ಲೋಣಾವಳ 600 ಮೀಟರಿಗೂ ಜಾಸ್ತಿ ಎತ್ತರದಲ್ಲಿದೆ. ಊರ ಹೆಸರಿನ ಮೇಲೆ ಬೇರೆ ಹೆಸರು ಅಂಟಿಸಿದವರು ಆ ಸಂಖ್ಯೆಯನ್ನು ಮರೆತಿದ್ದರೆ, ಕಡಲ ತೀರದ ಊರು ಬೆಟ್ಟದ ಮೇಲೆ ಕೂತಿರುತ್ತದೆ.

ಕೊನೆಗೆ ಆಪ್ಟಾ. "ದಿಲ್‌ವಾಲೆ ದುಲ್ಹನಿಯಾ ಲೇ ಜಾಯೇಂಗೆ" ಸಿನಿಮಾದ ಕೊನೆಯಲ್ಲಿ ನಾಯಕ ಓಡುವ ರೈಲಿನಿಂದ ಕೈ ಚಾಚುತ್ತಾನಲ್ಲ, ಕಥೆಯ ಪ್ರಕಾರ ಅದು ಪಂಜಾಬ್. ನಿಜಕ್ಕೆ ಪನ್ವೇಲ್ ದಾಟಿ ಸ್ವಲ್ಪ ಮುಂದಿನ ಆಪ್ಟಾ ಸ್ಟೇಷನ್. ಊರಿಗೆ ಹೋಗುವ ನಾವೆಲ್ಲ ಅದರ ಮೇಲೇ ಹಾದುಹೋಗುತ್ತೇವೆ. ಒಮ್ಮೆ ಮತ್ಸ್ಯಗಂಧದಲ್ಲಿ ಅತ್ತೆಯನ್ನು ಕಿಟಕಿ ಪಕ್ಕ ಕೂರಿಸಿ, "ಈಗ ಬರುತ್ತದೆ ನೋಡಿ, ಈಗ ಬರುತ್ತದೆ" ಅಂತ ಕಾಯಿಸಿದೆ. ಗಾಡಿ ಅಲ್ಲಿ ನಿಲ್ಲುವುದಿಲ್ಲ. ಹಳದಿ ಬೋರ್ಡು ಸರ್ರನೆ ಬಂತು, ಸರ್ರನೆ ಹೋಯಿತು. ಅತ್ತೆ ಚಕ್ಕುಲಿ ಡಬ್ಬಿಯ ಮುಚ್ಚಳ ತೆಗೆಯುತ್ತಾ ಅಂದರು: "ಆ ಹುಡುಗಿಗೆ ಎಷ್ಟು ನಿಧಾನಕ್ಕೆ ಹೋಗಿತ್ತಪ್ಪಾ ಈ ಗಾಡಿ!"