‘ಗ್ರಾನ್ ಟೊರಿನೊ’: ಹುಲ್ಲುಹಾಸಿನಿಂದ ಜಾಲರಿ ಬಾಗಿಲಿನವರೆಗೆ

2008ರ ಕೊನೆಯಲ್ಲಿ ತೆರೆಕಂಡ ಈ ಚಿತ್ರದ ಕಥೆಯನ್ನು ಒಂದೇ ಉಸಿರಿನಲ್ಲಿ ಹೇಳಬಹುದು. ಪಕ್ಕದ ಮನೆಯವರನ್ನು ಕಂಡರೆ ಆಗದ ವಿಧುರ ಮುದುಕ ವಾಲ್ಟ್ ಕೊವಾಲ್ಸ್ಕಿ ಕೊನೆಗೆ ಅದೇ ಮನೆಯ ಹುಡುಗ ತಾವೊನಿಗಾಗಿ ಪ್ರಾಣ ಕೊಡುತ್ತಾನೆ. ಈ ಚಿತ್ರದ ಬಗ್ಗೆ ಪರೀಕ್ಷೆಯ ಉತ್ತರಪತ್ರಿಕೆಯಲ್ಲಿ ಇಷ್ಟು ಬರೆದು ‘ಮಾನವೀಯತೆಯ ಗೆಲುವು’ ಎಂದು ಮುಗಿಸಿದರೆ ಚಿತ್ರ ಕೈತಪ್ಪಿಹೋಗುತ್ತದೆ. ನಿರ್ದೇಶಿಸಿ ವಾಲ್ಟ್‌ನ ಪಾತ್ರವನ್ನೂ ಮಾಡಿದ ಕ್ಲಿಂಟ್ ಈಸ್ಟ್‌ವುಡ್, ಮನಸ್ಸು ಕರಗಿದ್ದನ್ನು ಮಾತಿನಲ್ಲಿ ಹೇಳಿಸುವುದು ಬಹಳ ಕಡಿಮೆ. ಯಾರು ಯಾವ ಹೊಸ್ತಿಲು ದಾಟಿದರು ಎಂಬುದನ್ನು ಗಮನಿಸುತ್ತಾ ಹೋಗಿ. ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ.

ಮೊದಲು ಊರು. ಕಥೆ ನಡೆಯುವ ಹೈಲ್ಯಾಂಡ್ ಪಾರ್ಕ್ ಮಿಷಿಗನ್ ರಾಜ್ಯದ ಡೆಟ್ರಾಯಿಟ್ ನಗರದ ಒಡಲಲ್ಲೇ ಇದೆ. 1913ರಲ್ಲಿ ಫೋರ್ಡ್ ಕಂಪನಿ ಕಾರುಗಳ ಚಲಿಸುವ ಜೋಡಣಾ ಸಾಲನ್ನು ಆರಂಭಿಸಿದ್ದು ಇಲ್ಲಿಯೇ. ಮುಂದೆ ಕಾರ್ಖಾನೆಗಳು ಸೊರಗಿದವು, ಬಿಳಿಯರು ಉಪನಗರಗಳಿಗೆ ಹೊರಟುಹೋದರು, ಮನೆಗಳು ಪಾಳುಬಿದ್ದವು. ಫೋರ್ಡ್‌ನ ನಿವೃತ್ತ ಕಾರ್ಮಿಕ ವಾಲ್ಟ್ ಮಾತ್ರ ಅಲ್ಲಿಯೇ ಉಳಿದಿದ್ದಾನೆ. ಅವನು ಒರೆಸಿ ಹೊಳೆಸುವ 1972ರ ಫೋರ್ಡ್ ಗ್ರಾನ್ ಟೊರಿನೊ ಕಾರಿಗೆ ಸ್ಟಿಯರಿಂಗ್ ಕಂಬ ಕೂರಿಸಿದ್ದು ಅವನದೇ ಕೈ. ಮಗನಾದರೋ ಜಪಾನಿನ ಟೊಯೊಟಾ ಓಡಿಸುತ್ತಾನೆ. ವಾಲ್ಟ್‌ನ ಸಿಟ್ಟಿನಲ್ಲಿ ಜನಾಂಗದ್ವೇಷದ ಜೊತೆಗೆ, ತನ್ನ ದುಡಿಮೆಗೆ ಬೆಲೆ ಇಲ್ಲದೆ ಹೋಯಿತೆಂಬ ನೋವೂ ಬೆರೆತಿದೆ. ಇದು ಅವನ ಬಾಯಿಂದ ಬರುವ ಬೈಗುಳಕ್ಕೆ ಕ್ಷಮಾಪಣೆಯಲ್ಲ. ಆದರೆ ಆ ಸಿಟ್ಟಿನ ಬೇರು ಎಲ್ಲಿದೆ ಎಂಬುದು ಗೊತ್ತಿರಬೇಕು.

ನೆರೆಯವರು ಹ್ಮಾಂಗ್ ಜನ. ಲಾವೋಸ್, ವಿಯೆಟ್ನಾಂ, ಚೀನಾದ ಬೆಟ್ಟಸೀಮೆಯವರು. ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಲಾವೋಸಿನಲ್ಲಿ ಇವರಿಂದ ಪಡೆ ಕಟ್ಟಿತು. 1975ರಲ್ಲಿ ಕಮ್ಯುನಿಸ್ಟರ ಕೈಗೆ ಅಧಿಕಾರ ಹೋದಾಗ ಸಾವಿರಾರು ಕುಟುಂಬಗಳು ಮೆಕಾಂಗ್ ನದಿ ದಾಟಿ ಥಾಯ್ಲೆಂಡಿನ ಶಿಬಿರ ಸೇರಿದವು. ಅಲ್ಲಿಂದ ಅಮೆರಿಕಕ್ಕೆ ಬಂದವು. ಕೊರಿಯಾದಲ್ಲಿ ಹೋರಾಡಿ ಬಂದ ವಾಲ್ಟ್‌ಗೆ ಪೂರ್ವ ಏಷ್ಯಾದ ಮುಖಗಳೆಲ್ಲ ಒಂದೇ, ಎಲ್ಲವೂ ಶತ್ರುವಿನ ಮುಖ. ಅವನು ದ್ವೇಷಿಸುವ ಈ ಜನ ಅವನದೇ ದೇಶಕ್ಕಾಗಿ ಕಾದಾಡಿ ನೆಲೆ ಕಳೆದುಕೊಂಡವರು. ತಮ್ಮವರ ಈ ಚರಿತ್ರೆಯನ್ನು ಅವನಿಗೆ ವಿವರಿಸುವವಳು ತಾವೊನ ಅಕ್ಕ ಸೂ.

ಈಗ ಹೊಸ್ತಿಲುಗಳಿಗೆ ಬರೋಣ. ಎರಡು ಮನೆಗಳ ನಡುವೆ ಒಂದು ತುಂಡು ಹುಲ್ಲುಹಾಸು. ಎರಡು ಜಗಲಿಗಳಲ್ಲಿ ಇಬ್ಬರು ಹಿರಿಯರು: ಇತ್ತ ವಾಲ್ಟ್, ಅತ್ತ ತಾವೊನ ಅಜ್ಜಿ. ಇವನು ಉಗುಳಿದರೆ ಅವಳೂ ಉಗುಳುತ್ತಾಳೆ. ಪೂರ್ವಗ್ರಹ ಒಂದೇ ಕಡೆಯ ಆಸ್ತಿಯಲ್ಲ ಎಂಬುದನ್ನು ಹೇಳುವ ದೃಶ್ಯವಿದು. ತಾವೊನನ್ನು ಎಳೆದೊಯ್ಯಲು ಬಂದ ಪುಂಡರನ್ನು ವಾಲ್ಟ್ ಬಂದೂಕು ಹಿಡಿದು ಹೆದರಿಸಿ ಓಡಿಸುವುದು ತಾವೊನ ಮೇಲಿನ ಕನಿಕರದಿಂದಲ್ಲ, ಅವರು ತನ್ನ ಹುಲ್ಲನ್ನು ತುಳಿದರೆಂದು. ನೆರೆಯವರು ಅದನ್ನು ಉಪಕಾರವೆಂದು ತಿಳಿದು ಹೂವು, ಅಡುಗೆ ತಂದು ಮೆಟ್ಟಿಲ ಮೇಲೆ ಇಡುತ್ತಾರೆ. ಸಂಬಂಧ ಹುಟ್ಟುವುದೇ ಒಂದು ತಪ್ಪು ತಿಳಿವಳಿಕೆಯಿಂದ, ಮತ್ತು ಅನ್ನದಿಂದ. ಸೂ ಅವನನ್ನು ಊಟಕ್ಕೆ ಕರೆದಾಗ ಆ ಮನೆಯೊಳಗೆ ಮೊದಲ ಬಾರಿ ಕಾಲಿಡುತ್ತಾನೆ. ಹಾಳಾದ ತನ್ನ ಸಂಸಾರಕ್ಕಿಂತ ಇವರೇ ತನಗೆ ಹತ್ತಿರವೆಂದು ಅಲ್ಲಿ ಕನ್ನಡಿಯ ಮುಂದೆ ಒಪ್ಪಿಕೊಳ್ಳುತ್ತಾನೆ. ಕಾರು ಕದಿಯಲು ಬಂದಿದ್ದ ತಾವೊ ಪ್ರಾಯಶ್ಚಿತ್ತವಾಗಿ ದುಡಿಯುವ ಭಾಗ, ಕೆಲಸ ಕಲಿಸುವ ಭಾಗ ಸರಳವಾಗಿವೆ. ಒಮ್ಮೆ ನೋಡಿದರೆ ಸಾಕು.

ನನ್ನ ಮಟ್ಟಿಗೆ ಚಿತ್ರದ ಹೃದಯವಿರುವುದು ಎರಡು ತಪ್ಪೊಪ್ಪಿಗೆಗಳಲ್ಲಿ. ಪುಂಡರು ಸೂ ಮೇಲೆ ಅತ್ಯಾಚಾರ ಎಸಗಿದ ನಂತರ ವಾಲ್ಟ್ ಚರ್ಚಿಗೆ ಹೋಗುತ್ತಾನೆ. ಪಾದ್ರಿಯ ಮುಂದೆ ಹೇಳುವುದು ಸಣ್ಣಪುಟ್ಟವು: ಹಿಂದೊಮ್ಮೆ ಪರಸ್ತ್ರೀಗೆ ಕೊಟ್ಟ ಮುತ್ತು, ದೋಣಿ ಮಾರಿದಾಗ ಕಟ್ಟದ ತೆರಿಗೆ, ಗಂಡುಮಕ್ಕಳಿಗೆ ಹತ್ತಿರವಾಗದೆ ಉಳಿದದ್ದು. ಕೊರಿಯಾದ ಹೆಸರೇ ಬರುವುದಿಲ್ಲ. ಆಮೇಲೆ ಮನೆಗೆ ಬಂದು, ಸೇಡಿಗೆ ಹಾತೊರೆಯುವ ತಾವೊನನ್ನು ನೆಲಮಾಳಿಗೆಯಲ್ಲಿ ಕೂಡಿಹಾಕುತ್ತಾನೆ. ನಡುವೆ ಜಾಲರಿ ಬಾಗಿಲು. ನೋಡಲು, ಪಾದ್ರಿ ಜಾಲರಿಯಾಚೆ ಕುಳಿತು ಪಾಪ ಕೇಳುವ ಚರ್ಚಿನ ತಪ್ಪೊಪ್ಪಿಗೆಯ ಗೂಡಿನಂತೆಯೇ. ಕೊರಿಯಾ ಯುದ್ಧದಲ್ಲಿ ಶರಣಾಗಲು ಬಯಸಿದ್ದ ಹುಡುಗನನ್ನು ಕೊಂದದ್ದನ್ನು, ಅದಕ್ಕೆ ತನಗೆ ಪದಕ ಸಿಕ್ಕಿದ್ದನ್ನು ಅಲ್ಲಿ ಹೇಳುತ್ತಾನೆ. ದೇವರ ಪ್ರತಿನಿಧಿಗೆ ಹೇಳದ ಪಾಪ, ತಾನು ಕೀಳೆಂದು ಕಂಡಿದ್ದ ಜನರ ಹುಡುಗನಿಗೆ ಕೇಳಿಸುತ್ತದೆ. ಎರಡೂ ದೃಶ್ಯಗಳನ್ನು ಬೆನ್ನುಬೆನ್ನಿಗೆ ನೋಡಿ. ನನಗೆ ಮೂರನೆಯ ಸಲ ನೋಡಿದಾಗಷ್ಟೇ ಈ ಹೋಲಿಕೆ ಹೊಳೆಯಿತು. ಆ ಹೊಳಹಿಲ್ಲದೆ ಕೊನೆಯ ದೃಶ್ಯ ಬರೀ ವೀರಮರಣವಾಗುತ್ತದೆ. ವಾಲ್ಟ್ ಪುಂಡರ ಮನೆಯೆದುರಿಗೆ ಬರಿಗೈಯಲ್ಲಿ ಹೋಗಿ, ಸಿಗರೇಟು ಹಚ್ಚುವ ಲೈಟರ್ ತೆಗೆಯಲು ಕೋಟಿನೊಳಗೆ ಕೈಹಾಕಿ, ನೆರೆಹೊರೆಯ ಕಣ್ಣೆದುರೇ ಅವರ ಗುಂಡಿಗೆ ಬಲಿಯಾಗುತ್ತಾನೆ. ಶರಣಾಗಲು ಬಯಸಿದವನನ್ನು ಕೊಂದದ್ದಕ್ಕೆ ಒಮ್ಮೆ ಪದಕ ಪಡೆದವನು, ಈಗ ನಿರಾಯುಧನಾಗಿ ಎದುರು ನಿಲ್ಲುತ್ತಾನೆ.

ಇಷ್ಟು ಮೆಚ್ಚಿದ ಮೇಲೂ ಟೀಕೆಯನ್ನು ಬರೆಯದೆ ಬಿಡಬೇಡಿ. ಹ್ಮಾಂಗ್ ಪಾತ್ರಗಳಿಗೆ ಹ್ಮಾಂಗ್ ಜನರನ್ನೇ ಹುಡುಕಿ ತಂದದ್ದು ಆ ಕಾಲದ ಹಾಲಿವುಡ್‌ಗೆ ದೊಡ್ಡ ಹೆಜ್ಜೆ. ಆದರೂ ಆಚಾರಗಳ ಚಿತ್ರಣ ಸರಿಯಿಲ್ಲವೆಂದು ಆ ಸಮುದಾಯದವರೇ ಹೇಳಿದರು. ತಾವೊ ಪಾತ್ರ ಮಾಡಿದ ಬೀ ವಾಂಗ್, ವಾಲ್ಟ್‌ನ ಬೈಗುಳಗಳಿಗೆ ಚಿತ್ರಮಂದಿರದಲ್ಲಿ ಎದ್ದ ನಗು ತನ್ನನ್ನು ಕಾಡಿದ್ದರ ಬಗ್ಗೆ ಮುಂದೆ ಬಹಿರಂಗವಾಗಿ ಬರೆದರು. ನನ್ನನ್ನು ಕಾಡುವುದು ಸೂ. ಬೇಲಿಯಾಚೆಯ ಮುದುಕನೊಂದಿಗೆ ಧೈರ್ಯವಾಗಿ ಮಾತು ಬೆಳೆಸಿದವಳು, ಅವನನ್ನು ಊಟಕ್ಕೆ ಕರೆದವಳು ಅವಳು. ಅತ್ಯಾಚಾರದ ನಂತರ ಅವಳ ಮಾತು ಹೆಚ್ಚುಕಡಿಮೆ ನಿಂತೇ ಹೋಗುತ್ತದೆ. ಅವಳ ಗಾಯ ವಾಲ್ಟ್‌ನ ಬಿಡುಗಡೆಗೆ ಕಾರಣವಾಗುತ್ತದೆ. ಅವಳ ಬಿಡುಗಡೆ ಏನಾಯಿತೆಂದು ಚಿತ್ರ ಕೇಳುವುದಿಲ್ಲ. ಕೊನೆಯಲ್ಲಿ ಆ ಕಾರು ತಾವೊನ ಪಾಲಾಗುತ್ತದೆ. ಕೆರೆಯ ದಂಡೆಯುದ್ದಕ್ಕೂ ಅವನು ಓಡಿಸಿಕೊಂಡು ಹೋಗುವಾಗ ಪಕ್ಕದ ಸೀಟಿನಲ್ಲಿ ಕುಳಿತಿರುವುದು ವಾಲ್ಟ್‌ನ ನಾಯಿ.